ಅರವತ್ತೆರಡು ಹೆಜ್ಜೆ ದೂರ

ಬಸ್ಸಿನ ಹಣೆಯ ಮೇಲೆ ಉರಿಯುವ ನಂಬರನ್ನು ಯಾರೋ ಒಬ್ಬ ಮನುಷ್ಯ ಕೂತು ಬರೆದಿರುತ್ತಾನೆ ಎಂದು ಆ ಊರಿನಲ್ಲಿ ಒಬ್ಬರಿಗಾದರೂ ಅನ್ನಿಸಿದ್ದುಂಟೇ? ಇಲ್ಲ ಬಿಡಿ. ಬಸ್ಸು ಬಂತು, ನೋಡಿದರು, ನುಗ್ಗಿದರು, ಸೀಟಿಗಾಗಿ ಜಗಳವಾಡಿದರು, ಇಳಿದು ಹೋದರು. ಬೋರ್ಡಿನ ಅಕ್ಷರ ಕಾರ್ಖಾನೆಯಿಂದ ಬರುವಾಗಲೇ ಹುಟ್ಟಿಕೊಂಡು ಬಂದಿರುತ್ತದೆ ಎಂದೇ ಎಲ್ಲರೂ ತಿಳಿದಿದ್ದರು. ಹಾಗಲ್ಲ ಸ್ವಾಮಿ. ಡಿಪೋದ ಹಿಂಬದಿಯಲ್ಲಿ, ಟೈರು ಗೋದಾಮಿಗೂ ಬ್ಯಾಟರಿ ಕೋಣೆಗೂ ನಡುವೆ ಒಂದೇ ಕಿಟಕಿಯ ಕೋಣೆಯೊಂದಿತ್ತು. ಅಲ್ಲಿ ಕಾಲು ಅಲ್ಲಾಡುವ ಮೇಜಿನ ಮುಂದೆ ಕೂತು, ಚೌಕುಳಿ ಪುಸ್ತಕದಲ್ಲಿ ಕೆಂಪು ಪೆನ್ಸಿಲಿನಿಂದ ಒಂದೊಂದೇ ಚುಕ್ಕಿ ಇಟ್ಟು ಆ ಊರಿನ ಅಷ್ಟೂ ಬಸ್ಸುಗಳ ಅಕ್ಷರ ಬರೆದವನು ಒಬ್ಬನೇ. ಡಿಪೋದಲ್ಲಿ ಅವನನ್ನು ಚುಕ್ಕಿ ಎಂದು ಕರೆಯುತ್ತಿದ್ದರು. ಚಿಕ್ಕವರಿಗೆ ಚುಕ್ಕಿಯಣ್ಣ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿತ್ತು, ಅದನ್ನು ಓದಿದರೆ ಅವನೇ ಒಂದು ಗಳಿಗೆ ಯಾರಪ್ಪಾ ಇವನು ಎಂದು ಯೋಚಿಸಬೇಕಾಗುತ್ತಿತ್ತು.

ಇಪ್ಪತ್ತೆರಡನೆಯ ವಯಸ್ಸಿಗೆ ಪೇಂಟರಾಗಿ ಸೇರಿದವನು. ಆಗ ತಗಡಿನ ಬೋರ್ಡು, ಹಳದಿ ಬಣ್ಣ, ಒಂಟೆಯ ಕೂದಲಿನ ಬ್ರಷ್ಷು. ಆಮೇಲೆ ದೀಪದ ಬೋರ್ಡುಗಳು ಬಂದವು. ಉಳಿದ ಇಬ್ಬರು ಪೇಂಟರುಗಳು ಬ್ರಷ್ಷು ತೊಳೆದಿಟ್ಟು ಮನೆಗೆ ಹೋದರು, ಇವನು ಮಾತ್ರ ಹಟ ಹಿಡಿದು ಉಳಿದುಕೊಂಡ. ಉಳಿದುಕೊಂಡು ಸುಖಪಟ್ಟನೇ ಎಂದರೆ ಅದೂ ಇಲ್ಲ. ಒಂದು ಬೋರ್ಡಿಗೆ ಹದಿನಾರು ಸಾಲು ದೀಪ. ಹದಿನೇಳನೆಯದನ್ನು ಕೇಳಿದರೆ ಯಾರೂ ಕೊಡುವುದಿಲ್ಲ. ಆ ಹದಿನಾರರೊಳಗೆ ಅಕ್ಷರದ ತಲೆಕಟ್ಟು ಬರಬೇಕು, ಹೊಟ್ಟೆ ಬರಬೇಕು, ಕೆಳಗೊಂದು ಒತ್ತು ನೇತಾಡುತ್ತಿದ್ದರೆ ಅದಕ್ಕೂ ಜಾಗವಾಗಬೇಕು. ಒಂದು ಕೋಣೆಯ ಮನೆಯಲ್ಲಿ ಹತ್ತು ಜನರ ಸಂಸಾರವಿದ್ದ ಹಾಗೆ. ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರು ಎದ್ದು ಕೂರಬೇಕು.

ಅದಕ್ಕಿಂತ ದೊಡ್ಡ ತಲೆನೋವು ಬೆಳಕಿನದು. ಕಾಗದದ ಮೇಲೆ ಚುಕ್ಕಿ ತಾನಿದ್ದಷ್ಟೇ ಇರುತ್ತದೆ, ದೀಪವಾದ ಕೂಡಲೇ ಊದಿಕೊಳ್ಳುತ್ತದೆ. ಹತ್ತಿರ ನಿಂತರೆ ಬಿಡಿಬಿಡಿಯಾಗಿ ಕಾಣುವ ದೀಪಗಳು ದೂರ ಹೋದಂತೆ ಒಂದಕ್ಕೊಂದು ಅಂಟಿಕೊಂಡು, ನಡುವೆ ಬಿಟ್ಟ ಕತ್ತಲನ್ನು ನುಂಗಿಬಿಡುತ್ತವೆ. ಆರರ ತೆರೆದ ಬಾಯಿ ಮುಚ್ಚಿಕೊಂಡು ಎಂಟಾಗುತ್ತದೆ. ಆದ್ದರಿಂದ ಎಲ್ಲಿ ದೀಪ ಹಚ್ಚಬೇಕು ಎನ್ನುವುದಕ್ಕಿಂತ ಎಲ್ಲಿ ಹಚ್ಚಬಾರದು ಎನ್ನುವುದೇ ಅವನ ಕಸುಬು. ಯಾರಾದರೂ ಕೇಳಿದರೆ, "ಕತ್ತಲು ಬಿಡೋ ಕೆಲಸ ಮಾಡ್ತೀನಿ," ಅನ್ನುತ್ತಿದ್ದ. ಯಾರೂ ಕೇಳುತ್ತಿರಲಿಲ್ಲ.

ಬರೆದದ್ದು ದೂರದಿಂದ ಕಾಣುತ್ತದೋ ಇಲ್ಲವೋ ಎಂದು ನೋಡುವುದಕ್ಕೆ ಅವನಿಗೆ ಒಂದು ಜೊತೆ ಕಣ್ಣು ಬೇಕಿತ್ತು. ತನ್ನದೇ ಕಣ್ಣು ಕೆಲಸಕ್ಕೆ ಬಾರದು. ಬರೆದವನಿಗೆ ಏನು ಬರೆದಿದ್ದೇನೆಂದು ಮೊದಲೇ ಗೊತ್ತಿರುತ್ತದಲ್ಲ, ಅವನ ಕಣ್ಣು ಸುಳ್ಳು ಹೇಳುತ್ತದೆ. ಆ ಇನ್ನೊಂದು ಜೊತೆ ಕಣ್ಣು ಅಕ್ಕನದಾಯಿತು.

ಅಕ್ಕ ಅವನಿಗಿಂತ ಎಂಟು ವರ್ಷ ದೊಡ್ಡವಳು. ಅದೇ ಡಿಪೋದಲ್ಲಿ ಇಪ್ಪತ್ತೊಂಬತ್ತು ವರ್ಷ ಕಂಡಕ್ಟರಾಗಿದ್ದು ನಿವೃತ್ತಳಾದವಳು. ಮದುವೆಯಾಗಲಿಲ್ಲ. ಯಾಕೆ ಎಂದರೆ, "ದಿನಕ್ಕೆ ಸಾವಿರ ಜನದ ಜೊತೆ ಸಂಸಾರ ಮಾಡಿ ಮನೆಗೆ ಬರ್ತಿದ್ದೆ, ಅಲ್ಲಿ ಇನ್ನೊಬ್ಬ ಯಾಕೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಇವನ ಹೆಂಡತಿ ತೀರಿಕೊಂಡ ವರ್ಷ ತನ್ನ ಪೆಟ್ಟಿಗೆ ಎತ್ತಿಕೊಂಡು ತಮ್ಮನ ಮನೆಗೆ ಬಂದವಳು ಮತ್ತೆ ಹೋಗಲಿಲ್ಲ. ಐವತ್ತೆಂಟರ ತಮ್ಮನನ್ನು ಇಡೀ ಡಿಪೋದ ಎದುರು "ಪುಟ್ಟಾ" ಎಂದು ಕೂಗುವ ಧೈರ್ಯ ಅವಳೊಬ್ಬಳಿಗೇ ಇತ್ತು.

ಬೆಳಿಗ್ಗೆ ಏಳೂವರೆಗೆ ಅವಳು ಡಿಪೋದ ಅಂಗಳದ ಆ ತುದಿಯ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದಳು. ಈ ತುದಿಯ ಗೇಟಿನಲ್ಲಿ ಇವನು ಪುಸ್ತಕ ಹಿಡಿದು ನಿಲ್ಲುತ್ತಿದ್ದ. ನಡುವೆ ಅರವತ್ತೆರಡು ಹೆಜ್ಜೆ. ಅದನ್ನು ಅವನು ಸುಮ್ಮನೆ ಆರಿಸಿದ್ದಲ್ಲ. ನಿಲ್ದಾಣದಲ್ಲಿ ನಿಂತ ವಯಸ್ಸಾದವರು ತಮ್ಮ ಬಸ್ಸು ಯಾವುದೆಂದು ಅಷ್ಟು ದೂರದಲ್ಲೇ ತಿಳಿದರೆ ಮಾತ್ರ ಚೀಲ ಎತ್ತಿಕೊಂಡು ಫುಟ್‌ಪಾತಿನ ಅಂಚಿಗೆ ಬರಲು ಪುರುಸೊತ್ತು ಸಿಗುತ್ತದೆ ಎಂದು ಎಷ್ಟೋ ದಿನ ನಿಂತು ನೋಡಿ ಅಳೆದ ಲೆಕ್ಕ. ಬಸ್ಸುಗಳು ಒಂದೊಂದಾಗಿ ಗೇಟಿಗೆ ಬಂದು ನಿಂತಾಗ ಅಕ್ಕ ಅಲ್ಲಿಂದ ಕೂಗುವಳು: "ಹನ್ನೆರಡು! ರೈಲ್ವೆ ಗೇಟು!" ಇವನು ಪುಸ್ತಕದಲ್ಲಿ ಸರಿ ಗುರುತು ಹಾಕುವನು. "ಮೂವತ್ತೆಂಟು! ನೀರಿನ ಟ್ಯಾಂಕು!" ಇನ್ನೊಂದು ಸರಿ. ಒಂದೊಂದು ದಿನ ತಕರಾರೂ ಇರುತ್ತಿತ್ತು. "ಪುಟ್ಟಾ, ಆ ಆರನ್ನ ಇನ್ನೊಂಚೂರು ದಪ್ಪ ಮಾಡೋ, ಬಡಕಲಾಗಿದೆ!" ಇವನು ಮರುದಿನವೇ ಆರಕ್ಕೆ ಒಂದು ಸಾಲು ಚುಕ್ಕಿ ಸೇರಿಸುತ್ತಿದ್ದ. ಡ್ರೈವರುಗಳು ಅವಳಿಗೆ ಡಿಪೋದ ದುರ್ಬೀನು ಎಂದು ಹೆಸರಿಟ್ಟಿದ್ದರು. ಅರವತ್ತಾರು ವಯಸ್ಸಿಗೆ ಕನ್ನಡಕವಿಲ್ಲದೆ ಓದುತ್ತಾಳೆ ಎಂದರೆ ಕಮ್ಮಿ ಮಾತೇ?

ಹೀಗಿರುವಾಗ ಒಂದು ಸೋಮವಾರ ಮ್ಯಾನೇಜರು ಚುಕ್ಕಿಯನ್ನು ಕರೆಸಿ ಒಂದು ಫೈಲನ್ನು ಮುಂದೆ ತಳ್ಳಿದರು.

"ನೋಡ್ರಿ, ಎಷ್ಟು ಕಂಪ್ಲೇಂಟು. ಹೋದ ವರ್ಷದಿಂದ ಇದೇ ಗೋಳು. ಮೂವತ್ತೆಂಟು ಅಂತ ಕೈ ತೋರಿಸ್ತಾರೆ, ಹತ್ತಿದ ಮೇಲೆ ಮೂವತ್ತಾರು ಅಂತಾರೆ. ನಂಬರು ಕಾಣಲ್ಲ ಅಂತಾರೆ."

"ಕಾಣದೆ ಏನು ಸಾರ್? ನಮ್ಮಕ್ಕ ಅರವತ್ತೆರಡು ಹೆಜ್ಜೆಯಿಂದ ಓದ್ತಾಳೆ. ದಿನಾ. ಒಂದು ತಪ್ಪಿಲ್ಲ."

"ಅಕ್ಕ ಓದ್ತಾರೆ, ಊರು ಓದಲ್ಲ. ಏನು ಮಾಡೋಣ ಹೇಳಿ?" ಮ್ಯಾನೇಜರು ಕೆಟ್ಟವರಲ್ಲ, ಅವರಿಗೂ ಮೇಲಿನವರ ಕಾಟ. "ಒಂದು ಕಂಪನಿಯವರು ರೆಡಿ ಬೋರ್ಡು ತಂದಿದಾರೆ. ಅಕ್ಷರ ಎಲ್ಲ ಅವರದೇ, ಒಳಗೇ ಇರುತ್ತೆ. ಶುಕ್ರವಾರ ದೊಡ್ಡ ಆಫೀಸಿಂದ ಮೇಡಂ ಬರ್ತಾರೆ. ಎರಡೂ ಬೋರ್ಡು ಹಚ್ಚಿ ನೋಡ್ತಾರೆ. ಜನ ನೋಡೋದು ನಂಬರನ್ನ, ಅದಕ್ಕೇ ನಂಬರೊಂದೇ ಹಾಕಿ ಸಾಕು. ನಿಮ್ಮದು ಗೆದ್ರೆ ನಿಮ್ಮ ಅಕ್ಷರ ಇರುತ್ತೆ. ಇಲ್ಲಾಂದ್ರೆ ಎಲ್ಲ ಬಸ್ಸಿಗೂ ಅವರದು. ನಿಮ್ಮನ್ನ ಸ್ಟೋರಿಗೆ ಹಾಕ್ತೀನಿ, ಇನ್ನು ಹದಿನಾಲ್ಕು ತಿಂಗಳು ತಾನೇ?"

"ಓದೋರು ಯಾರು ಸಾರ್?"

"ನಿಮ್ಮಕ್ಕನೇ ಓದಲಿ. ಅಷ್ಟು ವಯಸ್ಸಾದೋರಿಗೆ ಕಂಡರೆ ಎಲ್ಲರಿಗೂ ಕಾಣುತ್ತೆ. ಮೇಡಂಗೂ ಹೇಳಿದೀನಿ."

ಚುಕ್ಕಿಗೆ ಆಗಲೇ ಗೆದ್ದಷ್ಟು ಸಮಾಧಾನವಾಯಿತು. ಫೈಲನ್ನು ಮನೆಗೆ ಒಯ್ದು, ಊಟಕ್ಕೆ ಕೂತಾಗ ಒಂದೊಂದೇ ಪತ್ರವನ್ನು ಅಕ್ಕನಿಗೆ ಓದಿ ಹೇಳುತ್ತಾ, ಬರೆದವರ ಜನ್ಮ ಜಾಲಾಡಿದ. "ಕೇಳು, ಇವನಿಗೆ ಆರು ಎಂಟಾಗಿ ಕಂಡಿತಂತೆ. ಕಣ್ಣು ಕಾಣದೋರೆಲ್ಲ ಯಾಕೆ ಬಸ್ಸಿಗೆ ಬರ್ತಾರೋ! ಮನೇಲಿ ಬಿದ್ದಿರೋಕಾಗಲ್ವಾ?"

"ಹೂಂ ಕಣೋ," ಎಂದು ಅಕ್ಕ ನಕ್ಕಳು. ನಕ್ಕು, ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು.

ಬುಧವಾರ ಬೆಳಿಗ್ಗೆ ಎಂದಿನಂತೆ ಅವಳು ಬೆಂಚಿನ ಮೇಲೆ, ಇವನು ಗೇಟಿನಲ್ಲಿ. ಎಂಟು ಹತ್ತಕ್ಕೆ ಮೂವತ್ತೆಂಟರ ಬಸ್ಸು ಬಂತು. ಅದರ ಡ್ರೈವರನಿಗೆ ಕೆಮ್ಮಪ್ಪ ಎಂದು ಹೆಸರು. ಗೇರು ಹಾಕುವ ಮುನ್ನ ಎರಡು ಸಲ ಕೆಮ್ಮದಿದ್ದರೆ ಅವನ ಗಾಡಿ ಹೊರಡುತ್ತಿರಲಿಲ್ಲ ಎಂದು ಗೇಲಿ ಮಾಡುತ್ತಿದ್ದರು. ಕೆಮ್ಮಿದ. ಅಕ್ಕ ಕೂಗಿದಳು:

"ಮೂವತ್ತೆಂಟು! ನೀರಿನ ಟ್ಯಾಂಕು! ಪುಟ್ಟಾ, ಇವತ್ತು ಲಕ್ಷಣವಾಗಿ ಕಾಣ್ತಿದೆ ಕಣೋ!"

ಚುಕ್ಕಿ ಸರಿ ಗುರುತು ಹಾಕಿದ. ಹಾಕಿ ತಲೆ ಎತ್ತಿದ. ಬಸ್ಸಿನ ಹಣೆಯ ಮೇಲೆ ಬೋರ್ಡು ಕಪ್ಪಗಿತ್ತು. ಒಂದು ದೀಪವೂ ಉರಿಯುತ್ತಿರಲಿಲ್ಲ.

"ಫ್ಯೂಸ್ ಹೋಗಿದೆ ಚುಕ್ಕಿಯಣ್ಣ, ವೈರ್‌ಮನ್ ಮಧ್ಯಾಹ್ನ ಹಾಕ್ತೀನಿ ಅಂದಿದಾನೆ," ಎಂದು ಕೆಮ್ಮಪ್ಪ ಕಿಟಕಿಯಿಂದ ಹೇಳಿ ಹೊರಟುಹೋದ.

ಇವನು ಪುಸ್ತಕ ಮುಚ್ಚಿದ. ಮುಂದಿನ ಬಸ್ಸು ಬಂತು, ಅಕ್ಕ ಕೂಗಿದಳು, ಸರಿಯಾಗಿಯೇ ಕೂಗಿದಳು. ಅದರ ಮುಂದಿನದೂ ಸರಿ. ಅವಳಿಗೆ ಹೊತ್ತು ಗೊತ್ತು, ಸರದಿ ಗೊತ್ತು, ಯಾವ ಇಂಜಿನ್ನಿನ ದನಿ ಹೇಗೆ ಎನ್ನುವುದು ಗೊತ್ತು, ಯಾವ ಡ್ರೈವರು ಕೆಮ್ಮುತ್ತಾನೆ, ಯಾವನು ಹಾಡು ಗುನುಗುತ್ತಾನೆ, ಎಲ್ಲ ಗೊತ್ತು. ಇಪ್ಪತ್ತೊಂಬತ್ತು ವರ್ಷ ಅದೇ ಬಸ್ಸುಗಳೊಳಗೆ ನಿಂತವಳು. ಬೋರ್ಡು ಯಾಕೆ ಬೇಕು ಅವಳಿಗೆ?

ಕೋಣೆಗೆ ಹೋಗಿ ಹಳೆಯ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಹರವಿದ. ಸರಿ, ಸರಿ, ಸರಿ. ವರ್ಷಗಟ್ಟಲೆ ಪುಟಗಳ ತುಂಬ ಸರಿ ಗುರುತು. ಇಷ್ಟು ಸರಿ ಇರುವ ಪುಸ್ತಕವನ್ನು ನೋಡಿ ಯಾವ ಮೂರ್ಖನಿಗಾದರೂ ಅನುಮಾನ ಬರಬೇಕಿತ್ತು. ಇವನಿಗೆ ಬಂದದ್ದು ಹೆಮ್ಮೆ. ಆಮೇಲೆ ಹೋದ ವರ್ಷದ ಪುಸ್ತಕದಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು, ತನ್ನದೇ ಕೈಬರಹ: ಅಕ್ಕ ಹೇಳಿದಳು, ಆರು ಇನ್ನೂ ದಪ್ಪ ಬೇಕು. ಕೆಳಗೆ ತಾರೀಖು. ಕಂಪ್ಲೇಂಟಿನ ಫೈಲು ತೆಗೆದು ಮೊದಲ ಪತ್ರದ ತಾರೀಖು ನೋಡಿದ. ಹನ್ನೊಂದು ದಿನ ಆಮೇಲಿನದು. ಅವಳು ದಪ್ಪ ಮಾಡು ಎಂದಳು, ಇವನು ಮಾಡಿದ, ಆರರ ಬಾಯಿ ಮುಚ್ಚಿಹೋಯಿತು.

ಸಂಜೆ ಮನೆಯಲ್ಲಿ ಅವನು ಏನೂ ಕೇಳದೆ ಅಕ್ಕನನ್ನೇ ನೋಡುತ್ತಾ ಕೂತ. ಏಳು ವರ್ಷ ಒಂದೇ ಸೂರಿನಡಿ ಇದ್ದೂ ನೋಡದೇ ಇದ್ದದ್ದೆಲ್ಲ ಅವತ್ತು ಕಂಡಿತು. ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ಅವಳ ಬೆರಳು. ಡಬ್ಬಿಗಳು ಒಂದಿಂಚೂ ಆಚೀಚೆಯಾಗದೆ ನಿಂತ ಶೆಲ್ಫು, ತಾನು ಒಂದನ್ನು ಅತ್ತಿತ್ತ ಇಟ್ಟರೆ ಅವಳು ರೇಗುತ್ತಿದ್ದ ರೀತಿ. ಪೇಪರು ಬಂದರೆ "ನೀನೇ ಓದಿ ಹೇಳಪ್ಪ, ನಂಗೆ ಬೇಜಾರು," ಎನ್ನುತ್ತಿದ್ದದ್ದು. ಮಾತಾಡುವಾಗ ಮುಖವನ್ನು ಕೊಂಚ ಪಕ್ಕಕ್ಕೆ ತಿರುಗಿಸುವುದನ್ನು ಇವನು ಅವಳ ಜಂಬ ಎಂದುಕೊಂಡಿದ್ದ.

"ಅಕ್ಕಾ," ಅಂದ ಕೊನೆಗೆ. "ಬೆಳಿಗ್ಗೆ ಮೂವತ್ತೆಂಟರ ಬೋರ್ಡು ಉರೀತಿರಲಿಲ್ಲ."

ಅವಳು ಲೋಟವನ್ನು ಕೆಳಗಿಟ್ಟಳು. ಇಟ್ಟ ಜಾಗವನ್ನು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿದಳು.

"ಯಾವಾಗಿಂದ?" ಅಂದ.

"ಮೂರು ವರ್ಷ ಆಯ್ತು ಕಣೋ. ಕಣ್ಣಿನ ಡಾಕ್ಟರು ನಡುವಿಂದ ಹೋಗ್ತಿದೆ ಅಂದ್ರು. ನೇರಕ್ಕೆ ನೋಡಿದ್ರೆ ಮಸಿ ಬಳಿದಂಗೆ. ಪಕ್ಕದಲ್ಲಿ ಸ್ವಲ್ಪ ಸ್ವಲ್ಪ ಕಾಣುತ್ತೆ. ಆಪರೇಷನ್ನಿಗೂ ಬರಲ್ವಂತೆ."

"ನಂಗೆ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಏನು ಮಾಡ್ತಿದ್ದೆ? ಮನೇಲಿ ಕೂರಿಸ್ತಿದ್ದೆ. ಆ ಬೆಂಚು ಬಿಟ್ರೆ ನಂಗೆ ಏನಿದೆ ಹೇಳು. ಬೆಳಿಗ್ಗೆ ಅಲ್ಲಿ ಕೂತರೆ ಇನ್ನೂ ಡ್ಯೂಟಿ ಮೇಲಿದೀನಿ ಅನ್ಸುತ್ತೆ."

"ಮತ್ತೆ ದಪ್ಪ ಮಾಡು, ಸಣ್ಣ ಮಾಡು ಅಂತಿದ್ದೆಯಲ್ಲ! ಅದೇನು?"

"ಎಲ್ಲ ಸರಿ ಸರಿ ಅಂದ್ರೆ ನಿಂಗೆ ಅನುಮಾನ ಬರುತ್ತಲ್ಲ," ಅಂದಳು ಅಕ್ಕ. ದನಿ ಸಣ್ಣಗಾಗಿತ್ತು. "ಬಾಯಿಗೆ ಬಂದದ್ದು ಒಂದು ಹೇಳ್ತಿದ್ದೆ."

ಚುಕ್ಕಿಗೆ ಸಿಟ್ಟು ನೆತ್ತಿಗೇರಿತು. ಎದ್ದು ನಿಂತ, ಬೈಯಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಅವಳೇ ಹೇಳಿದಳು:

"ಎರಡು ತಿಂಗಳ ಹಿಂದೆ ಮಾರ್ಕೆಟ್ಟಿಗೆ ಹೋದೋಳು ತಡವಾಗಿ ಬಂದೆ ನೋಡು, ಹಳೇ ಕಂಡಕ್ಟರು ಸಿಕ್ಕಿದ್ಲು ಅಂತ ಹೇಳಿದ್ದೆ. ಯಾರೂ ಸಿಕ್ಕಿರಲಿಲ್ಲ. ಆ ಗದ್ದಲದಲ್ಲಿ ಇಂಜಿನ್ನು ಕೇಳಿಸಲಿಲ್ಲ. ಪಕ್ಕದಲ್ಲಿದ್ದ ಹುಡುಗೀನ ಕೇಳ್ದೆ, ಒಳ್ಳೆ ಕಣ್ಣಿದ್ದ ಹುಡುಗಿ, ನೋಡಿ ಮೂವತ್ತೆಂಟು ಅಂದ್ಲು. ಹತ್ತಿದೆ. ಮೂವತ್ತಾರು ಆಗಿತ್ತು. ಕೊನೇ ಸ್ಟಾಪಲ್ಲಿ ಇಳಿಸಿದ್ರು. ಇಪ್ಪತ್ತೊಂಬತ್ತು ವರ್ಷ ಜನರನ್ನ ಸರಿಯಾದ ಸ್ಟಾಪಲ್ಲಿ ಇಳಿಸಿದೋಳು, ಅಲ್ಲಿ ಕಂಬ ಹಿಡ್ಕೊಂಡು ಅತ್ತೆ ಕಣೋ ಪುಟ್ಟಾ."

ಎದ್ದು ನಿಂತವನು ಮತ್ತೆ ಕೂತ. ಕಣ್ಣು ಕಾಣದೋರು ಮನೇಲಿ ಬಿದ್ದಿರಲಿ ಎಂದು ಇದೇ ಊಟದ ಮೇಜಿನ ಮುಂದೆ ಬೊಬ್ಬೆ ಹೊಡೆದದ್ದು ಎರಡು ದಿನದ ಹಿಂದೆ. ಅವಳು ಹೂಂ ಎಂದಿದ್ದಳು. ನಾಚಿಕೆಯಿಂದ ಅವನಿಗೆ ತನ್ನ ಮುಖವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಗುರುವಾರ ಬೆಳಿಗ್ಗೆ ಅಕ್ಕನೇ ಮಾತು ತೆಗೆದಳು. "ನಾಳೆ ನೀನು ಸುಮ್ನೆ ಇರು. ಕೆಮ್ಮಪ್ಪನ ಗಾಡೀನೇ ತರಿಸು. ಕಂಪನೀದು ನಂಗೆ ಹೇಗೂ ಕಾಣಲ್ಲ, ಕಾಣಲ್ಲ ಅಂತೀನಿ, ಅದು ನಿಜಾನೇ. ನಿಂದು ಬಂದಾಗ ಮೂವತ್ತೆಂಟು ಅಂತೀನಿ. ಗೆದ್ದುಬಿಟ್ಟ ಮೇಲೆ ಆ ಆರನ್ನ ಮೆಲ್ಲಗೆ ಸರಿ ಮಾಡ್ಕೋ. ಹದಿನಾಲ್ಕು ತಿಂಗಳು ನಿನ್ನ ಮೇಜು ನಿಂಗೇ ಇರುತ್ತೆ."

ಸಾಕಾಗಿಹೋಗಿತ್ತು ಅವನಿಗೆ. ಮೂವತ್ತಾರು ವರ್ಷ ನಿಂತು, ಬಗ್ಗಿ, ಚುಕ್ಕಿ ಇಟ್ಟು ಸೊಂಟ ಹೋಗಿತ್ತು. ಇನ್ನು ನ್ಯಾಯ ಅನ್ಯಾಯ ಅಂತ ಎದ್ದು ಕುಣಿಯುವ ತ್ರಾಣ ಎಲ್ಲಿಂದ ತರುವುದು? ಅವಳು ಹೇಳಿದ್ದರಲ್ಲಿ ತಪ್ಪೇನಿದೆ? ಯಾರಿಗೆ ನಷ್ಟ? ಹಾಗಂದುಕೊಂಡೇ ಆ ದಿನ ಕಳೆದ. ಕೆಮ್ಮಪ್ಪನ ಗಾಡಿಯನ್ನೇ ಹೇಳಿಟ್ಟ.

ಶುಕ್ರವಾರ ಒಂಬತ್ತೂವರೆಗೆ ಅವನು ಆ ಬಸ್ಸು ಹತ್ತಿ, ಡ್ರೈವರನ ಸೀಟಿನ ಮೇಲಿರುವ ಪುಟ್ಟ ಪೆಟ್ಟಿಗೆಯ ಗುಂಡಿ ಒತ್ತಿ ನಂಬರು ಹಾಕಬೇಕಿತ್ತು. ಮೂರು ಒತ್ತಿದ. ಎಂಟು ಒತ್ತಬೇಕು. ಬೆರಳು ಅಲ್ಲೇ ನಿಂತಿತು. ಮೂರು ವರ್ಷದಿಂದ ಒಬ್ಬರೂ ತನ್ನ ಅಕ್ಷರವನ್ನು ನಿಜವಾಗಿ ನೋಡಿಲ್ಲ ಎಂಬ ಮಾತು ಎರಡು ದಿನದಿಂದ ಅವನ ಜೀವ ಹಿಂಡುತ್ತಿತ್ತು. ಒಂದೇ ಒಂದು ಸಲ, ಯಾರಾದರೂ ನೋಡಲಿ ಎಂದು ಅನ್ನಿಸಿತು. ಆರು ಒತ್ತಿದ. ಕೆಳಗಿಳಿದು ಬಂದ. ಕೆಮ್ಮಪ್ಪನಿಗೂ ಹೇಳಲಿಲ್ಲ.

ಹತ್ತು ಗಂಟೆಗೆ ದೊಡ್ಡ ಆಫೀಸಿನ ಮೇಡಂ ಬಂದರು. ಕಂಪನಿಯವನು ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದ. ಎಲ್ಲರೂ ಕಲ್ಲುಬೆಂಚಿನ ಹಿಂದೆ ಸಾಲಾಗಿ ನಿಂತರು. ಅಕ್ಕ ತನ್ನ ಹಳೆಯ ಖಾಕಿ ಕೋಟನ್ನು ಇಸ್ತ್ರಿ ಮಾಡಿ ಹಾಕಿಕೊಂಡಿದ್ದಳು. ಚುಕ್ಕಿ ಅವಳ ಪಕ್ಕದಲ್ಲಿ ನಿಂತ. ಮೊದಲು ಕಂಪನಿಯ ಬೋರ್ಡು ಹೊತ್ತ ಹೊಸ ಬಸ್ಸು ಗೇಟಿಗೆ ಬಂತು.

"ಅಕ್ಕಾ, ಏನಿದೆ ಹೇಳಿ," ಎಂದರು ಮ್ಯಾನೇಜರು.

"ಕಾಣ್ತಿಲ್ಲ ಸಾರ್."

"ನಮಗೆ ಕಾಣ್ತಿದೆಯಲ್ರಿ, ನಲವತ್ತೊಂದು," ಎಂದರು ಮೇಡಂ.

"ಅಜ್ಜಿಗೆ ವಯಸ್ಸಾಗಿದೆ ಮೇಡಂ," ಎಂದು ಕಂಪನಿಯವನು ಗೊಣಗಿದ.

"ವಯಸ್ಸಾದೋರೂ ಟಿಕೆಟ್ಟು ತಗೊಂಡೇ ಹತ್ತೋದಪ್ಪ," ಎಂದಳು ಅಕ್ಕ. ಡ್ರೈವರುಗಳು ನಕ್ಕರು. ಕಂಪನಿಯವನು ಬೂಟು ನೋಡಿಕೊಂಡ.

ಆಮೇಲೆ ಕೆಮ್ಮಪ್ಪನ ಗಾಡಿ. ಬಂತು, ನಿಂತಿತು. ಕಿಟಕಿಯೊಳಗಿಂದ ಎರಡು ಸಲ ಕೆಮ್ಮು.

"ಮೂವತ್ತೆಂಟು!" ಎಂದಳು ಅಕ್ಕ, ಗಂಟೆ ಬಾರಿಸಿದ ಹಾಗೆ.

ಮೇಡಂ ಹಣೆಗೆ ಕೈ ಅಡ್ಡ ಹಿಡಿದು ನೋಡಿದರು. "ಹೌದು, ಮೂವತ್ತೆಂಟು. ಪರವಾಗಿಲ್ವೇ!"

"ಮೂವತ್ತೆಂಟೇ," ಎಂದರು ಮ್ಯಾನೇಜರು, ಮುಖ ಅರಳಿತು. ಡ್ರೈವರುಗಳೂ ಮೂವತ್ತೆಂಟು ಎಂದರು. ಕೊನೆಗೆ ಕಂಪನಿಯವನೂ ಒಪ್ಪಿಕೊಂಡ, "ಹೂಂ, ಎಂಟು ಕಾಣ್ತಿದೆ."

ಚುಕ್ಕಿ ಎಲ್ಲರ ಮುಖಗಳನ್ನು ನೋಡಿದ. ಒಳ್ಳೆಯ ಕಣ್ಣುಗಳು, ಕನ್ನಡಕ ಹಾಕಿದ, ಹಾಕದ, ಹನ್ನೆರಡು ಜೊತೆ ಕಣ್ಣುಗಳು. ಅಕ್ಕ ಹೇಳಿದ್ದನ್ನೇ ಎಲ್ಲರೂ ಕಂಡಿದ್ದರು. ಗೆದ್ದಿದ್ದ. ಬಾಯಿ ಮುಚ್ಚಿಕೊಂಡು ನಿಂತರೆ ಮುಗಿಯಿತು, ಮೇಜು ಅವನದು, ಅಕ್ಷರ ಅವನದು. ಕೊನೆಯ ಸ್ಟಾಪಿನಲ್ಲಿ ಕಂಬ ಹಿಡಿದುಕೊಂಡು ನಿಂತ ಅಕ್ಕ ಕಣ್ಣ ಮುಂದೆ ಬಂದಳು.

"ಅದು ಮೂವತ್ತಾರು ಮೇಡಂ," ಎಂದ.

"ಏನು?"

"ಮೂವತ್ತಾರು. ನಾನೇ ಹಾಕಿದ್ದು. ಹತ್ತಿರ ಹೋಗಿ ನೋಡಿ."

ಎಲ್ಲರೂ ಅಂಗಳದಲ್ಲಿ ಮುಂದೆ ನಡೆದರು. ಅವನು ಬೆಂಚಿನ ಬಳಿಯೇ ನಿಂತು ಅವರ ಹೆಜ್ಜೆ ಎಣಿಸಿದ. ಇಪ್ಪತ್ತೈದು ಹೆಜ್ಜೆ ಹೋದಾಗಲೂ ಯಾರೂ ಮಾತಾಡಲಿಲ್ಲ. ಮೂವತ್ತರ ಹತ್ತಿರ ಮೇಡಂ ನಿಂತರು. "ಅಯ್ಯೋ, ಹೌದಲ್ರಿ! ಆರು!" ಮ್ಯಾನೇಜರು ತಲೆಯ ಮೇಲೆ ಕೈ ಇಟ್ಟುಕೊಂಡರು.

ತಿರುಗಿ ಬಂದ ಮೇಡಂ ಅವನನ್ನು ಮೇಲಿಂದ ಕೆಳಗೆ ನೋಡಿದರು. "ನೀವೇ ಹಾಕಿ, ನೀವೇ ಹೇಳ್ತಿದೀರಲ್ಲ, ಎಂಥವರ‍್ರೀ ನೀವು? ಬಾಯಿ ಬಿಡದಿದ್ರೆ ಸಹಿ ಹಾಕಿ ಹೋಗ್ತಿದ್ದೆ."

"ಜನ ಬರೆದದ್ದು ನಿಜ ಮೇಡಂ. ನನ್ನ ಆರು ಕೆಟ್ಟಿದೆ. ಒಂದು ಸಾಲು ಜಾಸ್ತಿ ಹಾಕಿದೀನಿ."

ಮ್ಯಾನೇಜರು ಅಕ್ಕನ ಕಡೆ ತಿರುಗಿದರು. "ಅಕ್ಕಾ, ನಿಮಗೂ ಎಂಟರ ಥರಾನೇ ಕಂಡಿತಲ್ವಾ?"

ಅಕ್ಕ ಖಾಕಿ ಕೋಟಿನ ಗುಂಡಿಯನ್ನು ಹಿಡಿದುಕೊಂಡು ಕೂತಿದ್ದಳು. ಮುಖವನ್ನು ತಮ್ಮನಿದ್ದ ಕಡೆಗೆ ಓರೆ ಮಾಡಿದಳು.

"ಎಲ್ಲರಿಗೂ ಕಂಡಂಗೇ ಕಂಡಿತು ಸಾರ್," ಎಂದಳು.

ಅಷ್ಟಕ್ಕೇ ಮುಗಿಯಿತು. ಯಾರಿಗೂ ಇನ್ನೇನೂ ತಿಳಿಯಲಿಲ್ಲ. ಡಿಪೋದ ದುರ್ಬೀನು ಡಿಪೋದ ದುರ್ಬೀನಾಗಿಯೇ ಉಳಿಯಿತು, ತಪ್ಪೆಲ್ಲ ಆರರ ತಲೆಗೆ ಬಿತ್ತು. ಮೇಡಂ ಕಂಪನಿಯ ಬೋರ್ಡಿಗೆ ಸಹಿ ಹಾಕಿದರು. ಚುಕ್ಕಿ ಒಂದು ಸಾಲು ಅಳಿಸಿ ತರುತ್ತೇನೆ, ಇನ್ನೊಂದು ವಾರ ಕೊಡಿ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅಳಿಸಿದರೆ ಕಾಣುತ್ತದೆ ಎಂದು ಯಾವ ಬಾಯಿಂದ ಹೇಳುವುದು? ಅವನಿಗೇ ಗೊತ್ತಿರಲಿಲ್ಲ.

ಮನೆಗೆ ನಡೆದು ಬರುವಾಗ ಅಕ್ಕ ಅವನ ತೋಳು ಹಿಡಿದುಕೊಂಡಳು. ಏಳು ವರ್ಷದಲ್ಲಿ ಅದೇ ಮೊದಲು. ದಾರಿಯುದ್ದಕ್ಕೂ ಅಳುತ್ತಾ ಬಂದಳು, ಬೈಯುತ್ತಲೂ ಬಂದಳು. "ಹುಚ್ಚು ಮುಂಡೇದೇ, ಕೈಗೆ ಬಂದದ್ದನ್ನ ಕೊಟ್ಟುಬಿಟ್ಟೆಯಲ್ಲೋ. ನನ್ನಿಂದ ಹಾಳಾಯ್ತು ನಿನ್ನ ಬರವಣಿಗೆ. ನಾನಿನ್ನು ಆ ಬೆಂಚಿಗೆ ಬರಲ್ಲ."

"ಬರಬೇಡ," ಎಂದ ಚುಕ್ಕಿ. "ಕಲ್ಲು ಇದೆ, ನೋಡಿ ಕಾಲಿಡು."

ತಿಂಗಳೊಳಗೆ ಕಂಪನಿಯ ಬೋರ್ಡುಗಳು ಬಂದವು. ಹಳೆಯವುಗಳನ್ನು ಬಿಚ್ಚಿ ಗುಜರಿಗೆಂದು ಟೈರು ಗೋದಾಮಿನ ಪಕ್ಕ ಪೇರಿಸಿದರು. ಚುಕ್ಕಿ ಸ್ಟೋರಿನಲ್ಲಿ ಬೋಲ್ಟು ನಟ್ಟು ಎಣಿಸಿ ಕೊಡುವ ಕೆಲಸಕ್ಕೆ ಸೇರಿದ. ಅವನ ಮೇಜನ್ನು ಬ್ಯಾಟರಿ ಕೋಣೆಯವರು ಎತ್ತಿಕೊಂಡು ಹೋದರು, ಅಲ್ಲಾಡುವ ಕಾಲಿಗೆ ಅವನು ಮಡಚಿಟ್ಟಿದ್ದ ರಟ್ಟು ಮಾತ್ರ ನೆಲದಲ್ಲಿ ಬಿದ್ದಿತ್ತು. ಮ್ಯಾನೇಜರು ಏನೂ ಕೇಳದೆ ಒಂದು ಹಳೆಯ ಬೋರ್ಡಿಗೆ ಗೇಟ್ ಪಾಸ್ ಬರೆದುಕೊಟ್ಟರು. ಕೆಮ್ಮಪ್ಪ ಅದನ್ನು ಹೆಗಲ ಮೇಲೆ ಹೊತ್ತು, ಮೆಟ್ಟಿಲಿಗೊಂದು ಸಲ ಕೆಮ್ಮುತ್ತಾ, ಅವರ ಮನೆಗೆ ತಂದಿಟ್ಟ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಚುಕ್ಕಿ ಬೋರ್ಡನ್ನು ಪಡಸಾಲೆಯ ಗೋಡೆಗೆ ಒರಗಿಸಿ, ವೈರು ಕೊಟ್ಟು, ಒಂದು ಆರು ಹಚ್ಚಿದ. ಅಡುಗೆಮನೆಯ ಬಾಗಿಲಿನವರೆಗೆ ಅಳೆದರೆ ಒಂಬತ್ತು ಹೆಜ್ಜೆ. ಅಷ್ಟೇ ಇದ್ದದ್ದು ಮನೆ. ಅಕ್ಕನನ್ನು ಕರೆದು ಬಾಗಿಲಲ್ಲಿ ಸ್ಟೂಲು ಹಾಕಿ ಕೂರಿಸಿದ.

"ಏನೋ ಇದು?"

"ಕೂತ್ಕೋ. ಏನಿದೆ ಹೇಳು."

"ನಂಗೆ ಕಾಣಲ್ಲ ಅಂತ ಗೊತ್ತಲ್ಲ ನಿಂಗೆ."

"ಗೊತ್ತು. ಅದಕ್ಕೇ ಕೇಳ್ತಿರೋದು. ನಿಂಗೆ ಕಾಣೋ ನಂಬರನ್ನ ಇನ್ನೂ ಯಾರೂ ಬರೆದಿಲ್ಲ."

ಅವಳು ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕಣ್ಣಿನ ಅಂಚಿನಿಂದ ನೋಡಿದಳು. ಬೀದಿಯಲ್ಲಿ ಯಾವುದೋ ಬಸ್ಸು ಹೋಯಿತು. ಅದು ಯಾವುದೆಂದು ಅವಳಿಗೆ ಗೊತ್ತಾಯಿತು, ಹೇಳಲಿಲ್ಲ.

"ಎಂಟಾ?"

"ಅಲ್ಲ."

ಅವನು ಒಂದು ಚುಕ್ಕಿಯ ದೀಪ ಆರಿಸಿದ. "ಈಗ?"

"ಮೂರಾ?"

"ಊಹೆ ಮಾಡಬೇಡ ಅಕ್ಕ. ಕಂಡದ್ದು ಹೇಳು."

ಅಕ್ಕ ಬಹಳ ಹೊತ್ತು ನೋಡಿದಳು. ಕುತ್ತಿಗೆ ನೋಯುವಷ್ಟು ಹೊತ್ತು.

"ಕಾಣ್ತಿಲ್ಲ ಪುಟ್ಟಾ," ಎಂದಳು. "ಏನೂ ಕಾಣ್ತಿಲ್ಲ."

ಚುಕ್ಕಿ ಹೊಸ ಪುಸ್ತಕದ ಮೊದಲ ಪುಟ ತೆಗೆದು, ಕೆಂಪು ಪೆನ್ಸಿಲಿನಿಂದ ಕಾಣಲಿಲ್ಲ ಎಂದು ಬರೆದ. ತಾರೀಖು ಹಾಕಿದ. ಆಮೇಲೆ ಇನ್ನೊಂದು ಚುಕ್ಕಿ ಆರಿಸಿ, ಅವಳ ಕಡೆಗೆ ತಿರುಗಿದ.

"ಸ್ಟೂಲು ಒಂದು ಹೆಜ್ಜೆ ಮುಂದೆ ತಗೊಂಡು ಬಾ," ಎಂದ.